ಥೆಥ್ ಹಳ್ಳಿಯ ಜನಸಂಖ್ಯೆ: ಮನೆ ಎಣಿಸಿ ತಲೆ ಲೆಕ್ಕ ಹಿಡಿದ ನನ್ನ ಅನುಭವ

ಮನೆ ಲೆಕ್ಕದಿಂದ ತಲೆ ಲೆಕ್ಕ ಬರೋದಿಲ್ಲ, ಸುಮ್ನೆ ದುಡ್ಡು ಹಾಳು ಅಂತ ಹಳೆಯ ಗಣತಿ ಕೆದಕುವ ಗೆಳೆಯರೆಲ್ಲ ಹೇಳುತ್ತಿದ್ದರು. ಕೊನೆಗೂ ಬಂತು. ಉತ್ತರ ಅಲ್ಬೇನಿಯಾದ ಬೆಟ್ಟದೊಳಗಿನ ಥೆಥ್‌ಗೆ ನೂರು ವರ್ಷದ ಏರಿಳಿತದ ಗೆರೆ ಎಳೆದಿದ್ದೇನೆ. ನಗುತ್ತಿದ್ದವರೇ ಈಗ ಫೈಲ್ ಕಳಿಸು ಅಂತಾರೆ.

ಶುರುವಿನ ಅಂಕಿ ಇದು. 1908ರಲ್ಲಿ ಆ ಬೆಟ್ಟಗಳಲ್ಲಿ ಓಡಾಡಿದ ಇಂಗ್ಲಿಷ್ ಲೇಖಕಿ ಈಡಿತ್ ಡರ್ಹಾಮ್ ಅಲ್ಲಿ ಸುಮಾರು 180 ಮನೆ ಅಂತ ಬರೆದರು. ಒಟೊಮನ್ ದಫ್ತರಗಳಿಗೆ, ಅಂದ್ರೆ ಆಗಿನ ತೆರಿಗೆ ಪುಸ್ತಕಗಳಿಗೆ, ಮನೆಗೆ ಐದು ಜನ ಅಂತ ಹಾಕುವುದು ಮಾಮೂಲಿ; ಆ ಐದರಿಂದ ಗುಣಿಸಿದರೆ 900. ಥೆಥ್ ಷಾಲಾ ಬುಡಕಟ್ಟಿನ ಊರು, ಅದಕ್ಕೆ ಈ ಐದು ಹೊಂದೋದಿಲ್ಲ. ಮದುವೆಯಾದ ಅಣ್ಣತಮ್ಮಂದಿರು ಬೇರೆಯಾಗದೆ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದ ಕಾಲ, ನಮ್ಮ ಮಲೆನಾಡಿನ ಹಳೆಯ ತುಂಬು ಮನೆಗಳ ಹಾಗೆ.

ಮೊದಲು ದುಡ್ಡು ಸುರಿದದ್ದು ಚರ್ಚ್ ದಾಖಲೆಗೆ. ಥೆಥ್‌ನ ಚರ್ಚ್ 1892ರದ್ದು, ಜನ ಕ್ಯಾಥೊಲಿಕರು. ದೀಕ್ಷಾಸ್ನಾನದ ಪುಸ್ತಕ ಸಿಕ್ಕರೆ ಕೆಲಸ ಮುಗಿಯಿತು ಅಂತ ಎಲ್ಲರ ಸಲಹೆ. ಹುಡುಕಿ ಕೊಡುತ್ತೇನೆ ಎಂದ ಒಬ್ಬರಿಗೆ ಹದಿನೈದು ಸಾವಿರ ರೂಪಾಯಿ ಕಳಿಸಿದೆ. ಬಂದದ್ದು ಒಂದಷ್ಟು ಮಸುಕು ಫೋಟೊ, ಅದರಲ್ಲೂ ಅರ್ಧ ಬೇರೆ ಕಣಿವೆಯದು. ಎಲ್ಲ ಸರಿಯಾಗಿ ಸಿಕ್ಕಿದ್ದರೂ 1967ರಲ್ಲಿ ಸರ್ಕಾರ ಧರ್ಮವನ್ನೇ ನಿಷೇಧಿಸಿತಲ್ಲ, ಅಲ್ಲಿಂದ 1990ರವರೆಗೆ ಸಾಲು ಕಡಿದೇ ಹೋಗುತ್ತದೆ. ಲಿಪ್ಯಂತರ ಮಾಡಿಸಿದ್ದಕ್ಕೆ ಇನ್ನೊಂದು ಏಳೆಂಟು ಸಾವಿರ ಹೋಯಿತು. ಆ ದಾರಿ ಬಿಟ್ಟೆ.

ಗೆಲ್ಲಿಸಿದ್ದು 1918ರ ಗಣತಿ. ಮೊದಲ ಮಹಾಯುದ್ಧದ ಹೊತ್ತಿಗೆ ಆಸ್ಟ್ರಿಯಾ-ಹಂಗೇರಿಯ ಸೇನೆ ತಾನು ಹಿಡಿದಿದ್ದ ಅಲ್ಬೇನಿಯಾದಲ್ಲಿ ಮಾಡಿಸಿದ್ದು. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದವರು ಅದನ್ನು ಕಂಪ್ಯೂಟರಿಗೆ ಏರಿಸಿದ್ದಾರೆ. ಮನೆಮನೆಯ ಹೆಸರು, ವಯಸ್ಸು, ಯಜಮಾನನಿಗೆ ಏನಾಗಬೇಕು, ಎಲ್ಲ ಇದೆ. ವಯಸ್ಸನ್ನು ನಂಬಬೇಡಿ, ಎಲ್ಲರೂ 40, 50, 60 ಅಂತಲೇ ಬರೆಸಿದ್ದಾರೆ. ನನಗೆ ಬೇಕಿದ್ದದ್ದು ಮನೆಯ ಗಾತ್ರ ಮಾತ್ರ. ಅರ್ಧ ಮನೆಗಳಿಂದ ಸರಾಸರಿ ತೆಗೆದು ಉಳಿದರ್ಧವನ್ನು ಊಹಿಸಿದೆ. ನೂರಕ್ಕೆ ನಾಲ್ಕೈದು ಆಚೀಚೆ, ಅಷ್ಟೇ! ಸರಾಸರಿ ಐದಕ್ಕಿಂತ ಜಾಸ್ತಿ. ಎಷ್ಟು, ಒಂಟಿ ವಿಧವೆಯರ ಮನೆಯನ್ನು ಹೇಗೆ ಸರಿದೂಗಿಸಿದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಡರ್ಹಾಮರ ಊರು ಸಾವಿರ ದಾಟುತ್ತದೆ ಅಂತ ಮಾತ್ರ ಬರೆದುಕೊಳ್ಳಿ.

ನಡುವೆ ಒಂದು ತಮಾಷೆಯ ಪ್ರಯೋಗ ಮಾಡಿದೆ. ಊರವರು ತಮ್ಮ ಮೂಲವನ್ನು ದೆದ್ ನಿಕಾ ಎಂಬ ಒಬ್ಬ ಪೂರ್ವಿಕನಿಗೆ ಒಯ್ಯುತ್ತಾರೆ. ಧರ್ಮ ಉಳಿಸಿಕೊಳ್ಳಲು 300-350 ವರ್ಷದ ಹಿಂದೆ ಬಂದು ನೆಲೆಸಿದೆವು ಅನ್ನುತ್ತಾರೆ. ತಲೆಮಾರಿಗೆ ಮೂವತ್ತು ವರ್ಷ ಹಿಡಿದರೆ ಡರ್ಹಾಮ್ ಬಂದ 1908ರ ಹೊತ್ತಿಗೆ ಆರರಿಂದ ಎಂಟು ತಲೆಮಾರು. ಒಬ್ಬನ ವಂಶ ಅಷ್ಟರಲ್ಲಿ 180 ಮನೆ ಆಗಬಹುದಾ? ಲೆಕ್ಕದಲ್ಲಿ ಆಗುತ್ತದೆ, ಆದರೆ ಗಂಡು ಸಂತಾನ ಎಲ್ಲೂ ನಿಲ್ಲಬಾರದು. ಕೊಲೆಗೆ ಕೊಲೆ ಎಂಬ ರಕ್ತದ್ವೇಷದ ಆ ಸೀಮೆಯಲ್ಲಿ ಅದು ಕಷ್ಟ. ಆಮೇಲೆ ಬಂದು ಸೇರಿದವರೂ ಇದ್ದಾರೆ ಅಂತ ನನ್ನ ಗುಮಾನಿ.

ಕಮ್ಯುನಿಸ್ಟ್ ಕಾಲದಲ್ಲಿ ಊರು ಬಿಟ್ಟು ಪೇಟೆ ಸೇರಲು ಸುಲಭವಾಗಿ ಬಿಡುತ್ತಿರಲಿಲ್ಲ. 1991ರ ನಂತರ ತಡೆಯುವವರೇ ಇರಲಿಲ್ಲ. ಕೆಳಗಿನ ಶ್ಕೋಡರ್ ಪೇಟೆಗೆ, ಅಮೆರಿಕಕ್ಕೆ ಹೊರಟರು. 2011ರ ಗಣತಿಗೆ ಥೆಥ್ ಸೇರಿದಂತೆ ಇಡೀ ಷಾಲಾ ಆಡಳಿತ ಘಟಕದಲ್ಲೇ ಉಳಿದದ್ದು 1,800ರ ಆಸುಪಾಸು. ಇಲ್ಲಿ ಗಣತಿಯ ಅಂಕಿಯೂ ಪೂರ್ತಿ ಸಾಲದು, ಯಾಕಂದ್ರೆ ಬೇಸಿಗೆಯಲ್ಲಿ ಅತಿಥಿಗೃಹ ನಡೆಸಿ ಚಳಿಗಾಲಕ್ಕೆ ಕೆಳಗಿಳಿಯುವವರೇ ಜಾಸ್ತಿ. ಉಪಗ್ರಹ ಚಿತ್ರದಲ್ಲಿ ಛಾವಣಿ ಎಣಿಸಿದರೆ ಪ್ರವಾಸಿಗರ ಕೋಣೆಗಳೂ ಲೆಕ್ಕಕ್ಕೆ ಬಂದುಬಿಡುತ್ತವೆ. ನಾನು ಹಿಮ ಬಿದ್ದ ತಿಂಗಳ ಚಿತ್ರ ಕೊಂಡೆ, ದುಬಾರಿ, ಇಪ್ಪತ್ತು ಸಾವಿರದ ಹತ್ತಿರ. ಓಕೋಲ್ ಕೇರಿಯಿಂದ ಗ್ರುನಾಸ್‌ವರೆಗೆ ಬಾಗಿಲ ತನಕ ಹಿಮ ತುಳಿದ ದಾರಿ ಇರುವ ಮನೆಗಳನ್ನು ಮಾತ್ರ ಗುರುತಿಸಿದೆ. ಬೆರಳೆಣಿಕೆಯಷ್ಟು ಸಿಕ್ಕವು. ಈ ಮನೆಗಳಿಗೆ 1918ರ ಸರಾಸರಿ ಹಾಕಬೇಡಿ, ಉಳಿದಿರುವವರು ಹೆಚ್ಚಾಗಿ ವಯಸ್ಸಾದ ಜೋಡಿಗಳು. ಎರಡರಿಂದ ಗುಣಿಸಿ, ಸಾಕು.