ಕವರ್ ಬಿಚ್ಚದೆ ಜೀಪಿನ ಹಿಂದಿನ ಆಕ್ಸಲ್ ಗುರುತಿಸಿದ್ದು: ನನ್ನ ಅನುಭವ

ಚಕ್ರವನ್ನು ಒಂದು ಸುತ್ತು ತಿರುಗಿಸಿ, ಆಕ್ಸಲ್ಲಿಗೆ ಎಂಜಿನ್ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಎಂದು ನೋಡಿ, ಆಕ್ಸಲ್ ಒಳಗಿನ ಗೇರುಗಳ ಅನುಪಾತ ಹಿಡಿಯುವ ಉಪಾಯ ಹಳೆಯ ಜೀಪ್ ಸಾಕಿದವರಿಗೆಲ್ಲ ಗೊತ್ತು. ಅದು ಕೈಕೊಡುತ್ತದೆ ಎಂಬುದೂ ಗೊತ್ತು. ಹಾಗಾಗಿಯೇ ನಾನು ಸೀಮೆಸುಣ್ಣ ಹಿಡಿದು ಜೀಪಿನ ಪಕ್ಕ ಕುಳಿತಾಗ ತೀರ್ಥಹಳ್ಳಿ ಕಡೆಯ ಮೆಕ್ಯಾನಿಕ್‌ಗಳು ನಕ್ಕರು. "ಕವರ್ ತೆಗೆಯದೆ ಹಲ್ಲು ಎಣಿಸುವುದೆಂದರೆ ಬಾಯಿ ಬಿಡಿಸದೆ ಎತ್ತಿನ ವಯಸ್ಸು ಹೇಳಿದ ಹಾಗೆ ಮಾರಾಯರೇ" ಎಂದ ಒಬ್ಬ ಹಿರಿಯ. ಈಗ ಅವರೇ ಗಿರಾಕಿಗಳ ಗಾಡಿಗೆ ನನ್ನನ್ನು ಕರೆಯುತ್ತಾರೆ.

ನನ್ನದು 1980ರ ದಶಕದ ಮಹೀಂದ್ರ, ಹಲವರ ಕೈ ದಾಟಿ ಬಂದದ್ದು. ಎರಡು ಚಕ್ರದ ಓಟದಲ್ಲಿ ತಕರಾರಿರಲಿಲ್ಲ. ಮಳೆಗಾಲದಲ್ಲಿ ತೋಟದ ದಾರಿಯ ಕೆಸರಿನಲ್ಲಿ ಫೋರ್ ವೀಲ್ ಹಾಕಿದರೂ ಹೇಗೋ ನಡೆಯುತ್ತಿತ್ತು. ಗಟ್ಟಿ ಜಂಬಿಟ್ಟಿಗೆ ನೆಲ ಸಿಕ್ಕಿತೋ, ಗಾಡಿ ಬಿಗಿದುಕೊಳ್ಳುತ್ತಿತ್ತು. ಲಿವರ್ ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ. ರಿವರ್ಸ್‌ನಲ್ಲಿ ಒಂದು ಮಾರು ಸರಿಸಿದರೆ ಮಾತ್ರ ಬಿಡುತ್ತಿತ್ತು. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ) ಇಳಿಸಿ, ಬೇರಿಂಗು, ಗೇರು ಎಲ್ಲ ಹೊಸದಾಯಿತು. 18,000ದ ಆಸುಪಾಸು ಕೈಬಿಟ್ಟಿತು. ಕಾಯಿಲೆ ಮಾತ್ರ ಇದ್ದಲ್ಲೇ ಇತ್ತು.

ಹಿಂದೆ ಯಾರೋ ಆಕ್ಸಲ್ ಬದಲಿಸಿರಬೇಕು, ಮುಂದಿನದಕ್ಕೂ ಹಿಂದಿನದಕ್ಕೂ ಹಲ್ಲಿನ ಲೆಕ್ಕ ಕೂಡುತ್ತಿಲ್ಲ ಎಂಬ ಗುಮಾನಿ ನನ್ನದು. ಹತ್ತು ಬೋಲ್ಟಿನ ಕವರು, ಅದರ ಆಕಾರ ನೋಡಿದರೆ ಡಾನಾ 44 ಎಂಬ ಮಾದರಿಯ ಆಕ್ಸಲ್ ಎಂದು ಯಾರಾದರೂ ಹೇಳುತ್ತಾರೆ. ಒಳಗಿರುವುದು 8/43ಓ, 8/39ಓ, 11/47ಓ ಎಂದು ಕವರು ಹೇಳುವುದಿಲ್ಲ (ಮೊದಲ ಅಂಕಿ ಶಾಫ್ಟ್ ತಿರುಗಿಸುವ ಸಣ್ಣ ಗೇರಾದ ಪಿನಿಯನ್‌ನ ಹಲ್ಲು, ಎರಡನೆಯದು ಅದು ತಿರುಗಿಸುವ ದೊಡ್ಡ ಗೇರಾದ ಕ್ರೌನ್‌ನ ಹಲ್ಲು). ಅದನ್ನು ಬರೆದು ಬೋಲ್ಟಿನಡಿ ಇರಿಸಿರಬೇಕಾದ ತಗಡಿನ ಚೀಟಿ ಮಲೆನಾಡಿನ ಗಾಡಿಗಳಲ್ಲಿ ಉಳಿದದ್ದನ್ನು ನಾನು ಕಂಡಿಲ್ಲ. ಆರ್‌ಸಿಯಲ್ಲಿ ಇದರ ಸುಳಿವೇ ಇರುವುದಿಲ್ಲ.

ಒಂದು ಸುತ್ತಿನ ಎಣಿಕೆ ಸೋಲುವುದು ಯಾಕೆ? ಒಂದು ಚಕ್ರ ಎತ್ತಿ, ಇನ್ನೊಂದು ನೆಲದಲ್ಲಿದ್ದರೆ, ಚಕ್ರದ ಒಂದು ಸುತ್ತಿಗೆ ಕ್ರೌನ್ ಅರ್ಧ ಸುತ್ತಷ್ಟೇ ಹೋಗುವುದರಿಂದ ಶಾಫ್ಟ್ 8/43ರಲ್ಲಿ 2.69, 8/39ರಲ್ಲಿ 2.44 ಸುತ್ತು ಹೋಗುತ್ತದೆ. ವ್ಯತ್ಯಾಸ ಬರೀ ಕಾಲು ಸುತ್ತು. ಸವೆದ ಬಿಡಿಭಾಗಗಳ, ಅಂದರೆ ಸ್ಪೈಡರ್, ಕ್ರಾಸ್, ಸ್ಪ್ಲೈನ್‌ಗಳ ಸಡಿಲ ಅದನ್ನು ಅಲ್ಲೇ ನುಂಗಿಬಿಡುತ್ತದೆ. ಎರಡೂ ಚಕ್ರ ಎತ್ತಿ ನೋಡಿದೆ; ಆಚೆಯದು ತನಗೆ ಬೇಕಾದಷ್ಟು ಉಲ್ಟಾ ತಿರುಗಿ ಲೆಕ್ಕವನ್ನೇ ಕೆಡಿಸಿತು.

ಕೊನೆಗೆ ಹೊಳೆದದ್ದು ಇಷ್ಟು. ನೆಲದ ಚಕ್ರ ನಿಂತೇ ಇದ್ದರೆ, ಎತ್ತಿದ ಚಕ್ರದ 16 ಸುತ್ತಿಗೆ ಕ್ರೌನ್ ಸರಿಯಾಗಿ 8 ಸುತ್ತು. ಪಿನಿಯನ್‌ಗೆ 8 ಹಲ್ಲಿದ್ದರೆ ಅದು ಆಗ ಪೂರ್ತಿ ಸುತ್ತುಗಳನ್ನೇ ಮುಗಿಸಿರಬೇಕು: 43 ಅಥವಾ 39. ಗುರುತು ಹೊರಟ ಜಾಗಕ್ಕೇ ಮರಳಬೇಕು. ಮರಳದಿದ್ದರೆ ಪಿನಿಯನ್ 8 ಹಲ್ಲಿನದಲ್ಲ. 11/47 ಆಗಿದ್ದರೆ 16ಕ್ಕೆ 34 ದಾಟಿ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಬಿಡದೆ 22 ಸುತ್ತಿಸಿದರೆ 47ಕ್ಕೆ ಸರಿಯಾಗಿ ಬಂದು ಕೂರುತ್ತದೆ. ಸಡಿಲ ಎಷ್ಟೇ ಇರಲಿ, ನಾಲ್ಕು ಸುತ್ತಿನ ಅಂತರವನ್ನು ಅದು ನುಂಗಲಾರದು.

ಅಡಿಕೆ ಒಣಗಿಸುವ ಅಂಗಳ ಸಮತಟ್ಟು, ಅಲ್ಲೇ ನಿಲ್ಲಿಸಿದೆ. ಹಳೆಯ ಜೀಪಿನ ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸಿನ ಹಿಂಬದಿಗೇ ಇರುವುದರಿಂದ ಅದನ್ನು ಬಿಡಲೇಬೇಕು. ಉಳಿದ ಮೂರು ಚಕ್ರಕ್ಕೂ ಕಲ್ಲು ಕೊಟ್ಟು, ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಬೇಡಿ. ಪಿನಿಯನ್ ಫ್ಲೇಂಜಿಗೆ (ಶಾಫ್ಟ್ ಬಂದು ಕೂಡುವ ಬಿಲ್ಲೆಗೆ) ಸುಣ್ಣದ ಗೆರೆ, ಅದರ ಎದುರಿಗೆ ಆಕ್ಸಲ್ಲಿನ ಹೊರಕವಚವಾದ ಹೌಸಿಂಗಿಗೆ ಕಟ್ಟಿದ ತಂತಿಯ ಮುಳ್ಳು. ಮೊದಲು ಸಡಿಲ ತೆಗೆದುಕೊಂಡು, ಆಮೇಲೆ ಒಂದೇ ದಿಕ್ಕಿಗೆ ತಿರುಗಿಸುವುದು. ತಮ್ಮನ ಮಗ ಬದಿಯಿಂದ ಬಗ್ಗಿ ಫ್ಲೇಂಜ್ ಎಣಿಸಿದ. ಚಕ್ರದ ಲೆಕ್ಕಕ್ಕೆ ಬುಟ್ಟಿಯಲ್ಲಿ 16 ಗೋಟಡಿಕೆ, ಸುತ್ತಿಗೊಂದು ಹೊರಗೆ. ಬುಟ್ಟಿ ಖಾಲಿಯಾದಾಗ ಗೆರೆ ಮುಳ್ಳಿನ ಎದುರಿಗೇ ಬಂದು ನಿಂತಿತ್ತು. "ದೊಡ್ಡಪ್ಪ, ಮೂವತ್ತೊಂಬತ್ತು!" ಎಂದ. ಮುಂದಿನ ಆಕ್ಸಲ್‌ಗೂ ಅದೇ ಶಾಸ್ತ್ರ, ಅಲ್ಲಿ 43. ಮುಂದಿನ ಚಕ್ರ ಹತ್ತು ಸುತ್ತುವಷ್ಟರಲ್ಲಿ ಹಿಂದಿನದು ಹನ್ನೊಂದು ಸುತ್ತಲು ಹೊರಟರೆ ಲಿವರ್ ಹೇಗೆ ಬಿಟ್ಟೀತು?

ಇನ್ನು ಗುಜರಿಯ ಕತೆ. 8/43ರ ಹಿಂದಿನ ಆಕ್ಸಲ್ ಬೇಕೆಂದು ಭದ್ರಾವತಿ ಕಡೆಯ ಒಬ್ಬರಿಗೆ ಫೋನಿನಲ್ಲೇ ಹೇಳಿದೆ. "ಜೀಪಿನದೆಲ್ಲ ಒಂದೇ, ಕಣ್ಣು ಮುಚ್ಚಿ ಹಾಕಿ" ಎಂದು 12,000ಕ್ಕೆ ಕಳುಹಿಸಿದರು, ಸಾಗಣೆ ಬೇರೆ. ಅಂಗಳದಲ್ಲಿ ಇಳಿಸಿ ಎಣಿಸಿದರೆ 11/47! ಎರಡನೆಯದಕ್ಕೆ ನಾನೇ ಸುಣ್ಣ ಹಿಡಿದು ಹೋದೆ. ಬಿಡಿ ಆಕ್ಸಲ್ ಆದರೆ ಕೆಲಸ ಇನ್ನೂ ಹಗುರ, ಒಂದು ಬದಿಯ ಬ್ರೇಕ್ ಡ್ರಮ್ಮನ್ನು ಹಗ್ಗದಲ್ಲಿ ಬಿಗಿದರೆ ಸಾಕು. ಸ್ಪ್ರಿಂಗ್ ಕೂರುವ ಪ್ಯಾಡ್‌ಗಳ ನಡುವಿನ ಅಂತರವನ್ನೂ ಅಲ್ಲೇ ಅಳೆದುಕೊಳ್ಳಿ. ಎಣಿಕೆ ಮುಗಿದ ಮೇಲೆ 14,000 ಹೇಳಿದವರು 9,000ಕ್ಕೆ ಇಳಿದರು. ಡ್ರಮ್ಮೇ ಇಲ್ಲದ ಹೌಸಿಂಗಿನಲ್ಲಿ ಎಣಿಸುವ ದಾರಿಯೂ ಒಂದಿದೆ. ಅದನ್ನು ಇಲ್ಲಿ ಬರೆದರೆ ನಾಳೆ ಚೌಕಾಸಿಗೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನಡುವೆ ಪಕ್ಕದ ಮನೆಯ ಅಂಬಾಸಿಡರ್ ಮೇಲೂ ಪ್ರಯೋಗ ಮಾಡಿದೆ. 16ಕ್ಕೆ ಗೆರೆ ಕೂಡಲಿಲ್ಲ, 18ಕ್ಕೆ 41 ಬಂತು. ಅಂದರೆ 9/41. ಇನ್ನೊಂದು ಹುಚ್ಚು: ಮೊಬೈಲಿನಲ್ಲಿ ವೇಗ ನೋಡುತ್ತ, ಎಂಜಿನ್ ಸದ್ದಿನ ಕಂಪನ ಅಳೆದು ಅನುಪಾತ ಹಿಡಿಯುವುದು. ನನ್ನ ಟಯರು ಸುತ್ತಿಗೆ ಎರಡೂಕಾಲು ಮೀಟರ್ ಓಡುತ್ತದೆ. ಟಾಪ್ ಗೇರಿನಲ್ಲಿ 40 ಕಿ.ಮೀ. ವೇಗಕ್ಕೆ ಸದ್ದಿನ ಕಂಪನ ಸೆಕೆಂಡಿಗೆ 8/43 ಆದರೆ 53, 8/39 ಆದರೆ 48ರ ಹತ್ತಿರ ಬರಬೇಕು. ಕಾಗದದ ಮೇಲೆ ಚೆನ್ನ. ನಮ್ಮೂರಲ್ಲಿ ಅಷ್ಟು ಹೊತ್ತು ಒಂದೇ ವೇಗದಲ್ಲಿ ಹೋಗಲು ನೆಟ್ಟಗಿನ ರಸ್ತೆ ಎಲ್ಲಿದೆ? ಬಾಡಿಯ ಗಡಗಡ ಸದ್ದೇ ಎಂಜಿನ್ನನ್ನು ಮುಳುಗಿಸಿತು.

ಆ ಎರಡನೆಯ ಆಕ್ಸಲ್, 8/43ರದು, ಹಾಕಿದ ಮೇಲೆ ಈಗ ಲಿವರ್ ಎರಡು ಬೆರಳಿಗೆ ಬರುತ್ತದೆ. ಕೊಡಚಾದ್ರಿ ದಾರಿಯ ಏರಿನಲ್ಲೂ ಗಾಡಿ ಮೊದಲಿಗಿಂತ ಹಗುರಾಗಿ ಹತ್ತುತ್ತದೆ. ಬಯಲಿನ ರಸ್ತೆಯಲ್ಲಿ ಎಂಜಿನ್ ತುಸು ಹೆಚ್ಚು ಕೂಗುತ್ತದೆ, ಇರಲಿ. ಆ 11/47 ಕೊಟ್ಟಿಗೆಯಲ್ಲೇ ಇದೆ. ಬಯಲುಸೀಮೆಯಲ್ಲಿ ಎರಡು ಚಕ್ರದ ಜೀಪ್ ಓಡಿಸುವವರಿಗೆ ಹೇಳಿಮಾಡಿಸಿದ ಹಾಗಿದೆ. 10,000ಕ್ಕಿಂತ ಕಡಿಮೆಗೆ ಕೊಡುವುದಿಲ್ಲ. ಬೇಕಾದವರು ಸುಣ್ಣ ತಂದು ಎಣಿಸಿಕೊಂಡೇ ಒಯ್ಯಲಿ.