ಕಾರು ಡಿಸೈನ್ ಮಾಡಬೇಕೇ? ಮೊದಲು ಹಿಂದಿನ ಬಾಗಿಲಿನ ಗಾಜು ಇಳಿಸಿ ನೋಡಿ

ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಕಾರು ಬಿಡಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ತುಂಬಾ ಚೆನ್ನಾಗಿ ಬಿಡಿಸುತ್ತಿದ್ದ ಒಬ್ಬ ಹುಡುಗ ನನಗೆ ಗೊತ್ತು. ಕಾರು ಅಂದರೆ ಆಟೊಮೊಬೈಲ್ ಎಂಜಿನಿಯರಿಂಗ್ ತಾನೇ ಎಂದುಕೊಂಡು ಅದಕ್ಕೇ ಸೇರಿದ. ಎರಡನೇ ವರ್ಷದಲ್ಲಿ ಸಿಕ್ಕಾಗ, 'ಇಷ್ಟು ದಿನದಲ್ಲಿ ಒಂದು ಕಾರಿನ ಚಿತ್ರ ಬಿಡಿಸಿಲ್ಲ, ಬರೀ ಲೆಕ್ಕ' ಎಂದು ಕಣ್ಣು ತುಂಬಿಕೊಂಡ. ಇಂಥವರನ್ನು ಆಮೇಲೂ ಸಾಕಷ್ಟು ಕಂಡಿದ್ದೇನೆ. ಓದಿನಲ್ಲಿ ಇವರು ಯಾರೂ ಕಡಿಮೆ ಇರಲಿಲ್ಲ. ಡಿಸೈನ್ ಎಂಬ ಒಂದೇ ಹೆಸರಿನಲ್ಲಿ ಹೊರಗಿನ ರೂಪ ಕೊಡುವುದು, ಒಳಗಿನ ಜೋಡಣೆ ಲೆಕ್ಕ ಹಾಕುವುದು ಎಂಬ ಎರಡು ಬೇರೆ ಕಸುಬುಗಳಿವೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ನಿಮ್ಮದು ಯಾವ ಡಿಸೈನ್ ಎಂದು ಗೊತ್ತುಮಾಡಿಕೊಳ್ಳಿ

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಇದಕ್ಕೆ ಕನಿಷ್ಠ ಒಂದು ವಾರ ಕೊಡಿ.

ನಾಲ್ಕು ಬಾಗಿಲಿನ ಕಾರೊಂದರ ಹಿಂದಿನ ಸೀಟಿನಲ್ಲಿ ಕೂತು ಗಾಜು ಇಳಿಸಿ. ಎಷ್ಟೋ ಕಾರುಗಳಲ್ಲಿ ಅದು ಪೂರ್ತಿ ಇಳಿಯುವುದಿಲ್ಲ. ಇನ್ನು ಕೆಲವದರಲ್ಲಿ ದೊಡ್ಡ ಗಾಜಿನ ಹಿಂದೆ ಒಂದು ಚಿಕ್ಕ ಗಾಜು ಅಲುಗಾಡದೆ ನಿಂತಿರುತ್ತದೆ. ಯಾಕೆ? ಈಗ ಕೆಳಗಿಳಿದು ಹೊರಗಿನಿಂದ ನೋಡಿ. ಹಿಂದಿನ ಚಕ್ರದ ಕಮಾನು ಬಾಗಿಲಿನ ಕೆಳಭಾಗವನ್ನು ಕಚ್ಚಿ ತೆಗೆದಂತಿದೆ. ಗಾಜು ಇಳಿಯಲು ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಗಾಜನ್ನು ಎರಡು ತುಂಡು ಮಾಡಿ, ನಡುವೆ ಒಂದು ಪಟ್ಟಿ ನಿಲ್ಲಿಸಿ, ಮುಂದಿನ ತುಂಡನ್ನು ಮಾತ್ರ ಇಳಿಯಲು ಬಿಟ್ಟಿದ್ದಾರೆ.

ಇನ್ನೊಂದು ವಿಷಯ ಗಮನಿಸಿ. ಆ ಗಾಜು ಚಪ್ಪಟೆ ಇಲ್ಲ, ಬಾಗಿದೆ. ಬಾಗಿದ ಗಾಜು ಬಾಗಿದ ದಾರಿಯಲ್ಲೇ ಇಳಿಯಬೇಕು. ಬಾಗಿಲಿನ ಒಳಗೆ ಅದೇ ಜಾಗಕ್ಕೆ ಬೀಗ, ಸ್ಪೀಕರ್, ಗಾಜು ಎತ್ತುವ ಮೋಟಾರ್, ವೈರುಗಳು, ಪಕ್ಕದಿಂದ ಗಾಡಿ ಗುದ್ದಿದರೆ ತಡೆಯುವ ಉಕ್ಕಿನ ತೊಲೆ ಎಲ್ಲವೂ ಪೈಪೋಟಿಗೆ ಬಿದ್ದಿವೆ. ಹೊರಗಿನ ತಗಡು ಸುಮಾರು 0.7 ಮಿಲಿಮೀಟರ್ ದಪ್ಪ ಅಷ್ಟೇ. ಇಷ್ಟೆಲ್ಲ ಹೊತ್ತ ಬಾಗಿಲು ವರ್ಷಗಟ್ಟಲೆ ತೆರೆದು ಮುಚ್ಚಿದರೂ ಜೋತುಬೀಳಬಾರದು.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ಆ ಬಾಗಿಲ ಮುಂದೆ ನಿಮ್ಮ ಮನಸ್ಸು ಯಾವುದರಲ್ಲಿ ಸಿಕ್ಕಿಕೊಂಡಿತು? ಹಿಡಿಯ ಕೆಳಗಿನ ಆ ಗೆರೆ ಹಿಂದಿನ ದೀಪದವರೆಗೆ ಹರಿದ ರೀತಿಯಲ್ಲೋ, ಗಾಜು ಒಳಗೆ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲೋ? ಒಂದು ವಾರ ದಿನಕ್ಕೊಂದು ಭಾಗ ನೋಡಿ. ಬಾನೆಟ್, ಸೀಟು, ಕನ್ನಡಿ, ಚಕ್ರ, ಯಾವುದಾದರೂ ಸರಿ. ಪ್ರತಿದಿನ ಒಂದು ಪುಟ ಬರೆಯಿರಿ. ವಾರದ ಕೊನೆಗೆ ಪುಟಗಳ ತುಂಬ ಆಕಾರವೇ ಇದೆಯೋ, 'ಇದು ಯಾಕೆ ಹೀಗೆ' ಎಂಬ ಪ್ರಶ್ನೆಗಳೇ ಇವೆಯೋ, ನಿಮಗೇ ಕಾಣುತ್ತದೆ.

ಆಕಾರವೇ ತುಂಬಿದ್ದರೆ ನಿಮಗೆ ಬೇಕಿರುವುದು ಎಂಜಿನಿಯರಿಂಗ್ ಪದವಿ ಅಲ್ಲ. ಟ್ರಾನ್ಸ್‌ಪೋರ್ಟೇಶನ್ ಡಿಸೈನ್ ಅಥವಾ ಇಂಡಸ್ಟ್ರಿಯಲ್ ಡಿಸೈನ್. ಅಲ್ಲಿ ಮುಖ್ಯವಾಗಿ ನೋಡುವುದು ನಿಮ್ಮ ಕೆಲಸಗಳ ಪೋರ್ಟ್‌ಫೋಲಿಯೊ. ಕಲಿಸುವುದು ಸ್ಕೆಚ್, ಜೇಡಿಮಣ್ಣಿನ ಮಾದರಿ, ಕಂಪ್ಯೂಟರ್‌ನಲ್ಲಿ ಮೇಲ್ಮೈ ರೂಪಿಸುವುದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ 1967ರಲ್ಲೇ ಇಂಥ ಕೋರ್ಸ್ ಶುರುವಾಯಿತು. ಅಮೆರಿಕದ ಆರ್ಟ್‌ಸೆಂಟರ್ ಕಾಲೇಜಿನಿಂದಲೂ ಕಾರು ಕಂಪನಿಗಳ ಸ್ಟುಡಿಯೊಗಳಿಗೆ ತುಂಬಾ ಜನ ಹೋಗಿದ್ದಾರೆ. 1974ರಲ್ಲಿ ಬಂದ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೆ ರೂಪ ಕೊಟ್ಟ ಜಾರ್ಜೆಟ್ಟೊ ಜುಜಾರೊ ಚಿತ್ರಕಲಾವಿದರ ಮನೆಯಿಂದ ಬಂದವರು. ಅವರು ಓದಿದ್ದೂ ಕಲೆಯನ್ನೇ.

ಪ್ರಶ್ನೆಗಳೇ ತುಂಬಿದ್ದರೆ ನೀವು ಎಂಜಿನಿಯರ್. 1959ರ ಮಿನಿ ಕಾರು ನೋಡಿ. ಅಲೆಕ್ ಇಸಿಗೊನಿಸ್ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ, ಗಿಯರ್‌ಗಳನ್ನು ಅದರ ಕೆಳಗೇ ಕೂರಿಸಿ, 10 ಇಂಚಿನ ಪುಟ್ಟ ಚಕ್ರ ಹಾಕಿದರು. ಸುಮಾರು 3 ಮೀಟರ್ ಉದ್ದದ ಕಾರಿನಲ್ಲಿ ನಾಲ್ಕು ಜನ ಕೂರುವಂತಾಯಿತು. ಆ ಮುದ್ದಾದ ರೂಪ ಹುಟ್ಟಿದ್ದು ಒಳಗಿನ ಆ ಜೋಡಣೆಯಿಂದ. ಇಸಿಗೊನಿಸ್ ಗಣಿತದ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದವರು. ಗಣಿತಕ್ಕೆ ಹೆದರಿ ಈ ದಾರಿ ಬಿಡಬೇಡಿ.

ಎರಡೂ ಸಮಸಮ ಇಷ್ಟ ಎನ್ನುವವರಿಗೆ ನನ್ನ ಮಾತು ಖಚಿತ: ಮೊದಲು ಎಂಜಿನಿಯರಿಂಗ್ ಓದಿ, ದಿನಾ ಸ್ಕೆಚ್ ಮಾಡಿ, ಆಮೇಲೆ ಡಿಸೈನ್‌ನಲ್ಲಿ ಸ್ನಾತಕೋತ್ತರ ಮಾಡಿ. ಡಿಸೈನ್ ಓದಿ ಆಮೇಲೆ ಎಂಜಿನಿಯರಿಂಗ್‌ಗೆ ಬರುವುದು ಬಹಳ ಕಷ್ಟ. ನಾಲ್ಕು ವರ್ಷ ಬಿಟ್ಟ ಗಣಿತವನ್ನು ಮತ್ತೆ ಹಿಡಿಯುವುದು ಸುಲಭದ ಮಾತಲ್ಲ. ಸ್ಟುಡಿಯೊದಲ್ಲಿ ಕೂತು, ಕಲಾವಿದರು ಎಳೆದ ಗೆರೆಯನ್ನು ತಯಾರಿಸಲು ಆಗುವಂತೆ ತಿದ್ದುವ ಎಂಜಿನಿಯರ್‌ಗಳೂ ಇರುತ್ತಾರೆ. ನಿಮ್ಮಂಥವರಿಗೆ ಹೇಳಿ ಮಾಡಿಸಿದ ಕೆಲಸ ಅದು.

ಹಂತ 2: ವಾಹನದ ಯಾವ ತುಂಡು ನಿಮ್ಮದು?

ಇಡೀ ಕಾರನ್ನು ಒಬ್ಬರೇ ಡಿಸೈನ್ ಮಾಡುವುದಿಲ್ಲ. ಬಾಡಿ, ಸಸ್ಪೆನ್ಷನ್, ಬ್ರೇಕ್, ಸೀಟು, ಅಪಘಾತವಾದಾಗಿನ ಸುರಕ್ಷತೆ, ಸದ್ದು ಮತ್ತು ಕಂಪನ ಇವೆಲ್ಲ ಮೆಕ್ಯಾನಿಕಲ್‌ನವರ ಕೈಗೆ ಹೋಗುತ್ತವೆ. ಎಲೆಕ್ಟ್ರಿಕ್ ಕಾರು ಬಂದರೆ ಇವು ಮಾಯವಾಗುತ್ತವೆ ಎಂದು ಹೆದರಿಸುವವರ ಮಾತು ನಂಬಬೇಡಿ. ಎಂಜಿನ್ ಸದ್ದು ಇಲ್ಲದಾಗ ಗಾಳಿಯ ಸದ್ದು, ಟೈರಿನ ಸದ್ದು ಇನ್ನೂ ಜಾಸ್ತಿ ಕೇಳುತ್ತದೆ. ಬ್ಯಾಟರಿಯ ತೂಕಕ್ಕೆ ಇಡೀ ಕೆಳಭಾಗವನ್ನೇ ಹೊಸದಾಗಿ ಯೋಚಿಸಬೇಕಾಗುತ್ತದೆ.

ಮೋಟಾರ್, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಬೇಕಾದಂತೆ ಬದಲಿಸುವ ಇನ್ವರ್ಟರ್, 400 ಅಥವಾ 800 ವೋಲ್ಟ್‌ನ ಬ್ಯಾಟರಿ ವ್ಯವಸ್ಥೆ ಇಷ್ಟವಾದರೆ ಎಲೆಕ್ಟ್ರಿಕಲ್. ಚಾಲಕನಿಗೆ ನೆರವಾಗುವ ಕ್ಯಾಮೆರಾ, ರೇಡಾರ್ ಎಂದರೆ ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸ್. ಗಾಳಿಯ ಹುಚ್ಚು ಇದ್ದರೆ ಏರೊನಾಟಿಕಲ್ ಕೂಡ ಒಳ್ಳೆಯದೇ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕದಲ್ಲೇ ಬದುಕು ಕಟ್ಟಿಕೊಂಡವರಿದ್ದಾರೆ. ಫಾರ್ಮುಲಾ ಒನ್ ಕಾರುಗಳಿಗೆ ಹೆಸರಾದ ಏಡ್ರಿಯನ್ ನ್ಯೂಯಿ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ವಿಮಾನ ವಿಜ್ಞಾನ, 1980ರಲ್ಲಿ ಪದವಿ ಪಡೆದರು.

ಇನ್ನೂ ನಿರ್ಧಾರ ಆಗಿಲ್ಲವೇ? ಮೆಕ್ಯಾನಿಕಲ್ ತಗೊಳ್ಳಿ. ಅಲ್ಲಿಂದ ಯಾವ ಕಡೆಗಾದರೂ ಹೊರಳಬಹುದು.

ಹಂತ 3: ಕೋರ್ಸಿನ ಹೆಸರು ಬಿಡಿ, ಪಠ್ಯಕ್ರಮ ಓದಿ

ಹೊಸ ಹೊಸ ಹೆಸರಿನ ಪದವಿಗಳು ಬಂದಿವೆ. ಹೆಸರಿನಲ್ಲಿ ವಾಹನ ಇದ್ದ ಮಾತ್ರಕ್ಕೆ ಒಳಗೆ ವಾಹನ ಇರಬೇಕೆಂದಿಲ್ಲ. ಕೆಲವದರಲ್ಲಿ ಎಲ್ಲದರ ಪರಿಚಯ ಇರುತ್ತದೆ, ಯಾವುದರ ಆಳವೂ ಇರುವುದಿಲ್ಲ. ನಾಲ್ಕೂ ವರ್ಷದ ವಿಷಯಗಳ ಪಟ್ಟಿ ತರಿಸಿಕೊಂಡು, ಪೆನ್ಸಿಲ್ ಹಿಡಿದು ಕೂರಿ.

ಇವಿಷ್ಟು ಇರಲೇಬೇಕು: ಸ್ಟ್ಯಾಟಿಕ್ಸ್ ಮತ್ತು ಡೈನಮಿಕ್ಸ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ವೈಬ್ರೇಷನ್, ಮಷಿನ್ ಡಿಸೈನ್, ಕಂಟ್ರೋಲ್ ಸಿಸ್ಟಮ್ಸ್. ಜೊತೆಗೆ ಶೀಟ್ ಮೆಟಲ್, ವೆಲ್ಡಿಂಗ್, ಪ್ಲಾಸ್ಟಿಕ್ ಮೋಲ್ಡಿಂಗ್ ಕಲಿಸುವ ಉತ್ಪಾದನಾ ವಿಷಯ. ಈ ಕೊನೆಯದನ್ನು ಎಲ್ಲರೂ ಕಡೆಗಣಿಸುತ್ತಾರೆ. ಅಚ್ಚಿನಿಂದ ಹೊರಗೆ ಬಾರದ ಭಾಗವನ್ನು ಎಷ್ಟು ಚೆಂದ ಬಿಡಿಸಿದರೂ ಅದು ಕಾಗದದಲ್ಲೇ ಉಳಿಯುತ್ತದೆ. ಡ್ರಾಯಿಂಗ್‌ನಲ್ಲಿ ಅಳತೆಗೆ ಎಷ್ಟು ಹೆಚ್ಚುಕಮ್ಮಿ ಒಪ್ಪಬಹುದು ಎಂದು ಗುರುತಿಸುವ ಜಿಡಿ ಅಂಡ್ ಟಿ ಇದ್ದರೆ ಆ ಕಾಲೇಜಿಗೆ ಒಂದು ಅಂಕ ಹೆಚ್ಚು ಕೊಡಿ.

ಪಟ್ಟಿಯಲ್ಲಿ ಸಾಫ್ಟ್‌ವೇರ್ ಹೆಸರುಗಳೇ ತುಂಬಿದ್ದರೆ ಎಚ್ಚರ. ಕಂಪ್ಯೂಟರಿನಲ್ಲಿ ಭಾಗಗಳನ್ನು ಬಿಡಿಸುವ ಕಟಿಯಾ, ಎನ್‌ಎಕ್ಸ್ ಬಳಸಲು ಕೆಲವು ತಿಂಗಳು ಸಾಕು. ಅದು ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ವರ್ಷಗಳು ಬೇಕು. ಒಂದು ತುದಿಯನ್ನು ಗೋಡೆಗೆ ಬಿಗಿದ ಉಕ್ಕಿನ ಪಟ್ಟಿ ಇದೆ ಎಂದುಕೊಳ್ಳಿ. ಇನ್ನೊಂದು ತುದಿಗೆ ಭಾರ ನೇತುಹಾಕಿದರೆ ಬಾಗುತ್ತದೆ. ಪಟ್ಟಿಯ ದಪ್ಪ ಎರಡು ಪಟ್ಟು ಮಾಡಿದರೆ ಬಾಗು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಇದು ಬಾಯಲ್ಲೇ ಬರಬೇಕು. ಬಾರದವರು ಭಾಗದ ಮೇಲೆ ಒತ್ತಡ ಎಲ್ಲಿ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಪರದೆಯ ಮೇಲಿನ ಕೆಂಪು ನೀಲಿ ಚಿತ್ರ ನೋಡಿ, ತಪ್ಪು ಭಾಗಕ್ಕೆ ಸೈ ಎನ್ನುತ್ತಾರೆ. ಮೂರು ತಿಂಗಳಲ್ಲಿ ಕಾರ್ ಡಿಸೈನರ್ ಮಾಡುತ್ತೇವೆ ಎನ್ನುವ ಸರ್ಟಿಫಿಕೇಟ್ ಕೋರ್ಸ್‌ಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಅವರು ಕಲಿಸುವುದು ಬಟನ್ ಒತ್ತುವುದನ್ನು ಮಾತ್ರ.

ಹಂತ 4: ಪದವಿಗೆ ಮಾನ್ಯತೆ ಇದೆಯೇ ನೋಡಿ

ಐದು ನಿಮಿಷದ ಕೆಲಸ, ಬಿಡಬೇಡಿ. ಮುಂದೆ ಬೇರೆ ದೇಶದಲ್ಲಿ ಓದಲು ಹೊರಟಾಗ ಇದನ್ನೇ ಮೊದಲು ಕೇಳುತ್ತಾರೆ.

ಹಂತ 5: ವರ್ಕ್‌ಶಾಪಿಗೆ ಹೋಗಿ ನೋಡಿ

ಕಾಲೇಜಿನ ಕಟ್ಟಡ ತೋರಿಸಲು ಬಂದವರಿಗೆ ನಮಸ್ಕಾರ ಹೇಳಿ, ನೇರ ವರ್ಕ್‌ಶಾಪಿಗೆ ಹೋಗಿ. ಲೇತ್ ಮೇಲೆ ಹೊಸ ಲೋಹದ ಚೂರು ಇದೆಯೋ, ಧೂಳು ಕೂತಿದೆಯೋ ನೋಡಿ. ಫಾರ್ಮುಲಾ ಸ್ಟೂಡೆಂಟ್ ಅಥವಾ ಬಾಹಾ ತಂಡ ಇದೆಯೇ ಎಂದು ಕೇಳಿ. ಇವು ವಿದ್ಯಾರ್ಥಿಗಳೇ ಗಾಡಿ ಡಿಸೈನ್ ಮಾಡಿ, ಕಟ್ಟಿ, ಓಡಿಸುವ ಸ್ಪರ್ಧೆಗಳು. ಫಾರ್ಮುಲಾ ಸ್ಟೂಡೆಂಟ್‌ನಲ್ಲಿ ವೇಗಕ್ಕೆ ಮಾತ್ರ ಅಂಕ ಕೊಡುವುದಿಲ್ಲ. ಒಟ್ಟು 1000 ಅಂಕಗಳಲ್ಲಿ 150 ಡಿಸೈನ್ ವಿವರಣೆಗೇ ಮೀಸಲು. ಅನುಭವಿ ಎಂಜಿನಿಯರ್‌ಗಳು ಒಂದೊಂದು ಭಾಗದ ಮೇಲೂ ಕೈಯಿಟ್ಟು 'ಯಾಕೆ ಹೀಗೆ' ಎಂದು ಕೇಳುತ್ತಾರೆ.

ತಂಡದ ಹುಡುಗರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಹೋದ ವರ್ಷದ ಗಾಡಿಯಲ್ಲಿ ಏನು ಮುರಿಯಿತು, ಈ ವರ್ಷ ಅದನ್ನು ಹೇಗೆ ಬದಲಾಯಿಸಿದಿರಿ? ನಾಲ್ಕು ಜನ ಒಟ್ಟಿಗೆ ಉತ್ತರಿಸಲು ಶುರು ಮಾಡಿದರೆ ಕಣ್ಣು ಮುಚ್ಚಿ ಸೇರಿ. ಸಣ್ಣ ಕಾಲೇಜಾದರೂ ಪರವಾಗಿಲ್ಲ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಗಾಡಿ ಗಾಜಿನ ಪೆಟ್ಟಿಗೆಯಲ್ಲಿದ್ದರೆ ನಾನಂತೂ ಸೇರು ಎನ್ನುವುದಿಲ್ಲ. ರೆಡಿಮೇಡ್ ಪ್ರಾಜೆಕ್ಟ್ ಮಾರುವವರಿಂದ ದೂರ ಇರಿ. ಆ 'ಯಾಕೆ ಹೀಗೆ' ಪ್ರಶ್ನೆಗೆ ಕೊಂಡ ಪ್ರಾಜೆಕ್ಟ್‌ನಲ್ಲಿ ಉತ್ತರ ಇರುವುದಿಲ್ಲ.

ಹಂತ 6: ಸೇರಿದ ದಿನದಿಂದಲೇ ಒಂದು ಪುಸ್ತಕ ಇಡಿ

ನೀವು ಮಾಡಿದ ಪ್ರತಿ ಭಾಗದ ಸ್ಕೆಚ್, ಕೈಲೆಕ್ಕ, ಫೋಟೊ ಅದರಲ್ಲಿರಲಿ. ಕೆಟ್ಟದ್ದನ್ನು ಹರಿದು ಹಾಕಬೇಡಿ. ಒಂದು ಭಾಗವನ್ನು ಇನ್ನೊಂದಕ್ಕೆ ಹಿಡಿದಿಡುವ ಬ್ರ್ಯಾಕೆಟ್ ಮುರಿಯಿತೇ? ಮುರಿದ ಜಾಗದ ಫೋಟೊ ಅಂಟಿಸಿ. ಪಕ್ಕದಲ್ಲಿ ಲೆಕ್ಕ ಎಲ್ಲಿ ತಪ್ಪಿತು ಎಂದು ಎರಡು ಸಾಲು ಬರೆಯಿರಿ, ಕೆಳಗೆ ಹೊಸ ಬ್ರ್ಯಾಕೆಟ್‌ನ ಚಿತ್ರ ಬಿಡಿಸಿ. ಕೆಲಸದ ಸಂದರ್ಶನಕ್ಕೆ ಹೋದಾಗ ಮೊದಲು ಆ ಪುಟ ತೆರೆದು ತೋರಿಸಿ.