‘ಅವ್ಳ ಕೈಲೇ ಹೋಯ್ತು’: ಒಂದು ಮಾತಿನ ಅರ್ಥ ಸಾಬೀತು ಮಾಡಿದ ನನ್ನ ಅನುಭವ

ಹನ್ನೊಂದು ತಿಂಗಳ ಮಗು ತೀರಿಕೊಂಡ ಮರುದಿನ ತಾಯಿಯನ್ನು ಬಂಧಿಸಿದರು. ಅಂದು ಸಂಜೆ ಠಾಣೆಯ ಹೊರಗೆ ನಿಂತಿದ್ದ ಗಂಡ, ಮಂಡ್ಯದ ಕಡೆಯ ಹಳ್ಳಿಯಲ್ಲಿದ್ದ ತನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು: “ಅವ್ಳ ಕೈಲೇ ಹೋಯ್ತು ಕನಕ್ಕ.” ಪಕ್ಕದಲ್ಲಿದ್ದ ನೆರೆಮನೆಯ ಹೆಂಗಸು ಅದನ್ನು ಕೇಳಿಸಿಕೊಂಡರು. ತನಿಖಾಧಿಕಾರಿ ಬರೆದುಕೊಂಡ ಹೇಳಿಕೆಯಲ್ಲಿ ಅದು “ಆಕೆಯ ಕೈಯಿಂದಲೇ ಮಗು ಸತ್ತಿರುತ್ತದೆ ಎಂದು ತಿಳಿಸಿರುತ್ತಾನೆ” ಎಂದಾಗಿತ್ತು. ‘ಕೈಲಿ’ ಎಂಬುದು ‘ಕೈಯಿಂದ’ ಆದ ಆ ಒಂದು ಕ್ಷಣದಲ್ಲಿ, ತಾಯಿಯ ತೋಳಿನಲ್ಲಿ ಪ್ರಾಣ ಬಿಟ್ಟ ಮಗು ತಾಯಿಯಿಂದ ಕೊಲೆಯಾದ ಮಗುವಾಯಿತು.

ಗಂಡ ಪ್ರತ್ಯಕ್ಷ ಸಾಕ್ಷಿಯಲ್ಲ. ಆ ಹೊತ್ತಿಗೆ ಪೀಣ್ಯದಲ್ಲಿ ಪಾಳಿಯ ಕೆಲಸದಲ್ಲಿದ್ದವನು. ಹೆಂಡತಿಯೇ ಅವನಿಗೆ ಹೇಳಿದ್ದಳೆಂದು ವಾದಿಸಿದರೆ, ಗಂಡ ಹೆಂಡತಿ ತಮ್ಮೊಳಗೆ ಆಡಿದ ಮಾತನ್ನು ಸಾಕ್ಷ್ಯವಾಗಿ ಹೊರಗೆಡಹುವುದನ್ನು ತಡೆಯುವ ಸಾಕ್ಷ್ಯ ಅಧಿನಿಯಮದ ಕಲಂ 122 ಅಡ್ಡ ಬರುತ್ತದೆ (ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 128). ದಂಪತಿಗಳಲ್ಲಿ ಒಬ್ಬರ ವಿರುದ್ಧ ಇನ್ನೊಬ್ಬರು ಎಸಗಿದ ಅಪರಾಧಕ್ಕೆ ಅಲ್ಲಿ ವಿನಾಯಿತಿ ಇದೆಯೇ ಹೊರತು ಮಗುವಿನ ವಿರುದ್ಧದ ಅಪರಾಧಕ್ಕಿಲ್ಲ. ತಾಯಿಯ ಪರ ವಕೀಲನಾಗಿದ್ದ ನನಗೆ, ಇಷ್ಟು ಸಾಕು, ಮಾತಿನ ಅರ್ಥಕ್ಕೆ ಕೈ ಹಾಕಬೇಡ ಎಂದು ನಮ್ಮ ಸೀನಿಯರ್ ಹೇಳಿದರು. ಚೇಂಬರಿನಲ್ಲಿ ಎಲ್ಲರ ಅಭಿಪ್ರಾಯವೂ ಅದೇ ಆಗಿತ್ತು. ನಾನು ಒಪ್ಪಲಿಲ್ಲ. ಸೆಷನ್ಸ್ ನ್ಯಾಯಾಲಯ ಜಾಮೀನು ನಿರಾಕರಿಸಿದ ಆದೇಶದಲ್ಲಿ “ಸ್ವತಃ ಗಂಡನೇ ಹೀಗೆ ಹೇಳಿರುವಾಗ” ಎಂಬ ಮಾತಿತ್ತು. ಆಕೆ ಪರಪ್ಪನ ಅಗ್ರಹಾರದಲ್ಲಿ ಐದು ತಿಂಗಳ ಮೇಲೆ ಇದ್ದದ್ದು ಹೆಚ್ಚುಕಡಿಮೆ ಆ ಮಾತಿನಿಂದಲೇ. ಕಾನೂನಿನಲ್ಲಿ ನಿಲ್ಲದ ಮಾತು ಮನಸ್ಸಿನಲ್ಲಿ ನಿಂತುಬಿಡುತ್ತದೆ. ಅದನ್ನು ಅಲ್ಲಿಂದ ತೆಗೆಯುವುದು ನನ್ನ ಕೆಲಸವಾಗಿತ್ತು.

ಮೊದಲು ಮಾಡಿದ್ದೆಲ್ಲ ದಂಡವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಿಂದ ಪುಟಗಳನ್ನು ಜೆರಾಕ್ಸ್ ಮಾಡಿಸಿ ಸಲ್ಲಿಸಿದೆ. ಎರಡು ಅರ್ಥವೂ ಅಲ್ಲೇ ಇದ್ದುದರಿಂದ ಸರ್ಕಾರಿ ಅಭಿಯೋಜಕರಿಗೂ ಅವೇ ಪುಟಗಳು ಉಪಯೋಗಕ್ಕೆ ಬಂದವು. “ನನ್ನ ಕೈಲಿ ಆಗಲ್ಲ”, “ಅವನ ಕೈಲಿ ಹೇಳಿಸಿದೆ” ಎನ್ನುವಾಗ ‘ಕೈಲಿ’ ಎಂದರೆ ‘ಇಂದ’ ಎಂದೇ ಅಲ್ಲವೇ ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಳಿಕ ಒಬ್ಬ ಭಾಷಾತಜ್ಞರಿಂದ ಸುಮಾರು ಹದಿನೆಂಟು ಸಾವಿರ ಕೊಟ್ಟು ಅಭಿಪ್ರಾಯ ಬರೆಸಿದೆ. ಅವರು ಆ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಅಲ್ಲಿಂದ ವಾದ ಕಟ್ಟಿದ್ದರು. ಆ ಹಾಳೆಗಳನ್ನು ನಾನು ಸಲ್ಲಿಸಲೇ ಇಲ್ಲ. ಗಂಡನನ್ನೇ ಕೇಳೋಣವೆಂದರೆ, “ನಾನು ಹಾಗೆ ಹೇಳಿಲ್ಲ” ಎಂದ ಕೂಡಲೇ ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಿದರು. ಹೆಂಡತಿ ಜೈಲು ಕಂಡ ಮೇಲೆ ಗಂಡ ಕೊಡುವ ಅರ್ಥವಿವರಣೆಯನ್ನು ಯಾರೂ ನಂಬುವುದಿಲ್ಲ.

ಈ ನಡುವೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಪ್ರಕರಣದ ಸುಳಿವು ಕೊಡದೆ, “ತಾತ ಅಜ್ಜಿ ಕೈಲೇ ಹೋದ್ರು” ಎಂದರೆ ಏನೆಂದು ಸಿಟಿ ಸಿವಿಲ್ ಕೋರ್ಟಿನ ಆವರಣದಲ್ಲಿ ಗುಮಾಸ್ತರು, ಜೂನಿಯರ್‌ಗಳು, ಟೀ ಅಂಗಡಿಯವರು ಸೇರಿ ಇಪ್ಪತ್ತೈದು ಮಂದಿಯನ್ನು ಕೇಳಿರಬೇಕು. ಅಜ್ಜಿಯ ಮಡಿಲಲ್ಲಿ ತೀರಿಕೊಂಡರೆಂದೇ ಬಹುತೇಕ ಎಲ್ಲರೂ ಹೇಳಿದರು. ಒಂದು ವಾರ ಬಿಟ್ಟು, “ಅಜ್ಜಿಯನ್ನು ಪೊಲೀಸರು ಕರೆದೊಯ್ದರು” ಎಂಬ ವಾಕ್ಯವನ್ನು ಮುಂದೆ ಸೇರಿಸಿ ಅದೇ ಮಾತು ಕೇಳಿದಾಗ ಅರ್ಧಕ್ಕೂ ಹೆಚ್ಚು ಜನ ಉತ್ತರ ಬದಲಿಸಿದರು. ಇದು ಸಾಕ್ಷ್ಯವಲ್ಲ, ಆದರೆ ನನಗೆ ದಾರಿ ಕಂಡದ್ದು ಅಲ್ಲಿಯೇ. ಬಂಧನದ ನಂತರದ ಮಾತಿಗೆ ಬಂಧನದ ಮುಂಚಿನ ಮಾತಿನಿಂದ ಅರ್ಥ ತರಬೇಕಿತ್ತು.

ಅಕ್ಕನ ಹಳೆಯ ಫೋನಿನಲ್ಲಿ ಅದು ಸಿಕ್ಕಿತು. ಮಗು ಹುಟ್ಟುವುದಕ್ಕೂ ಮೊದಲು, ತಂದೆ ತೀರಿಕೊಂಡ ರಾತ್ರಿ ತಮ್ಮ ಕಳಿಸಿದ್ದ ವಾಯ್ಸ್ ಮೆಸೇಜು: “ಅಪ್ಪ ನನ್ ಕೈಲೇ ಹೋಯ್ತು ಕನಕ್ಕ.” ಅದೇ ಬಾಯಿ, ಅದೇ ಅಕ್ಕ, ಅದೇ ಪದ. ಊರಿನ ಅಂಗಡಿಯವನಿಂದ ಪೆನ್‌ಡ್ರೈವಿಗೆ ಹಾಕಿಸಿ ತಂದೆ. ಎಲೆಕ್ಟ್ರಾನಿಕ್ ದಾಖಲೆಯ ನಕಲಿನ ಜೊತೆ ಕೊಡಬೇಕಾದ ಕಲಂ 65ಬಿ ಪ್ರಮಾಣಪತ್ರವಿಲ್ಲವೆಂದು ತಕರಾರು ಬಂತು. ಆ ಪ್ರಮಾಣಪತ್ರ ಕಡ್ಡಾಯವೆಂದ ಸುಪ್ರೀಂ ಕೋರ್ಟಿನ 2020ರ ಅರ್ಜುನ್ ಪಂಡಿತರಾವ್ ತೀರ್ಪು ಬಂದ ಮೇಲೆ ನನ್ನಂಥವನು ಈ ತಪ್ಪು ಮಾಡಬಾರದಿತ್ತು. ಆದರೆ ಮೂಲ ಸಾಧನವನ್ನೇ ಅದರ ಒಡೆಯರು ಸಾಕ್ಷಿಕಟ್ಟೆಗೆ ತಂದರೆ ಪ್ರಮಾಣಪತ್ರ ಬೇಕಿಲ್ಲ ಎಂಬುದೂ ಅದೇ ತೀರ್ಪಿನಲ್ಲಿದೆ. ಅಷ್ಟರಲ್ಲಿ ಫೋನಿನ ಪರದೆ ಒಡೆದು ಹಸಿರು ಗೆರೆಯೊಂದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎಸ್‌ಪಿ ರಸ್ತೆಯಲ್ಲಿ ನನ್ನ ಕೈಯಿಂದಲೇ ಎರಡೂಮುಕ್ಕಾಲು ಸಾವಿರ ಕೊಟ್ಟು ಪರದೆ ಹಾಕಿಸಿದೆ. ರಿಪೇರಿಯವರು ಬೇರೆ ಯಾವುದನ್ನೂ ಮುಟ್ಟದಂತೆ ಎರಡು ಗಂಟೆ ಅಲ್ಲೇ ನಿಂತಿದ್ದೆ.

ಎರಡನೆಯ ಆಧಾರ ಕಲಂ 49 (ಈಗ 43). ಒಂದು ಪ್ರದೇಶದಲ್ಲಿ ಬಳಸುವ ಮಾತಿನ ಅರ್ಥದ ಬಗ್ಗೆ, ಅದನ್ನು ಬಲ್ಲವರ ಅಭಿಪ್ರಾಯ ಪ್ರಸ್ತುತ ಎನ್ನುವ ಕಲಂ ಇದು. ಇದರಲ್ಲಿ ಪದವಿ ಬೇಕೆಂದಿಲ್ಲ. ನಾನು ಕರೆತಂದದ್ದು ಅದೇ ಊರಿನ ಎಪ್ಪತ್ತು ದಾಟಿದ ಸೂಲಗಿತ್ತಿಯನ್ನು. “ಕೈಲಿ ಹೋದ್ರು ಅಂದ್ರೆ ಕೊಂದ್ರು ಅಂತಲ್ವೇನಜ್ಜಿ?” ಎಂದು ಅಭಿಯೋಜಕರು ಕೇಳಿದಾಗ ಆಕೆ ಕಟಕಟೆಯ ಮರವನ್ನು ಹಿಡಿದುಕೊಂಡೇ, “ಕೊಂದ್ರೆ ಕೊಂದ್ರು ಅಂತೀವಿ, ತಗುದ್ಬುಟ್ರು ಅಂತೀವಿ. ಮಗನ ಕೈಲಿ ಹೋಗದು ಅಂದ್ರೆ ಪುಣ್ಯ ಕನ್ ಸ್ವಾಮಿ” ಎಂದರು. ನ್ಯಾಯಾಧೀಶರು ‘ತಗುದ್ಬುಟ್ರು’ ಎಂಬುದನ್ನು ಶಿಷ್ಟ ಕನ್ನಡಕ್ಕೆ ತಿದ್ದದೆ ಹಾಗೆಯೇ ಬೆರಳಚ್ಚು ಮಾಡಿಸಿದರು. ನಾನು ಕೇಳಿಕೊಂಡದ್ದು ಅದೊಂದನ್ನೇ.

ಪಾಟೀಸವಾಲಿನಲ್ಲಿ ನೆರೆಮನೆಯಾಕೆಯ ಬಾಯಿಂದ ‘ಕೈಯಿಂದ’ ಬಿಡಿಸಿ, ಆಕೆ ನಿಜವಾಗಿ ಕೇಳಿದ್ದ ‘ಕೈಲೇ’ ಎಂಬುದನ್ನು ಹೊರಡಿಸಲು ಆರೇಳು ಪ್ರಶ್ನೆಗಳು ಸಾಕಾದವು. ಅವುಗಳ ಅನುಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ಅದು ಇನ್ನೊಂದು ಪ್ರಕರಣದಲ್ಲಿ ಬೇಕಾಗಿದೆ. ವಾಂತಿ ಶ್ವಾಸನಾಳಕ್ಕೆ ಇಳಿದೂ ಉಸಿರು ಕಟ್ಟಬಹುದೆಂದು ಶವಪರೀಕ್ಷೆಯ ವೈದ್ಯರು ಒಪ್ಪಿದ್ದರು. ಆರೋಪಪಟ್ಟಿಯಲ್ಲಿ ಉಳಿದಿದ್ದ ಗಟ್ಟಿ ಕೊಂಡಿ ಆ ಮಾತೊಂದೇ, ಅದೂ ಕಳಚಿತು.

ಒಪ್ಪಿಕೊಂಡ ಫೀಸು ಅರುವತ್ತು ಸಾವಿರ, ಕೈಗೆ ಬಂದದ್ದು ಮೂವತ್ತೈದರ ಆಸುಪಾಸು. ಊರಿಗೆ ನಾಲ್ಕು ಸಲ ಹೋಗಿಬಂದ ಕಾರಿನ ಬಾಡಿಗೆ, ತಜ್ಞರ ಹಣ, ಎಲ್ಲ ಕಳೆದರೆ ಹೆಚ್ಚೇನೂ ಉಳಿಯಲಿಲ್ಲ. ಬಿಡುಗಡೆಯ ತೀರ್ಪಿನಲ್ಲಿ ಈ ಮಾತಿನ ಚರ್ಚೆಗೇ ಮೂರು ಪುಟ ಮೀಸಲಾಗಿದೆ. ಬೇಡವೆಂದಿದ್ದ ಸೀನಿಯರ್ ಅದರ ದೃಢೀಕೃತ ಪ್ರತಿಯೊಂದನ್ನು ತಮಗೂ ತೆಗೆಸಿಕೊಂಡರು. ಮೇಲ್ಮನವಿಯ ಅವಧಿ ಮುಗಿದ ಮೇಲೆ ಅಕ್ಕ ಫೋನು ಬಿಡಿಸಿಕೊಳ್ಳಲು ಬಂದರು. ಹೊಸ ಪರದೆಯನ್ನು ಸೆರಗಿನಿಂದ ಒರೆಸಿ, ಆ ಮೆಸೇಜು ಇನ್ನೂ ಇದೆಯೇ ಎಂದು ನೋಡಲು ನನ್ನ ಮೇಜಿನ ಮುಂದೆಯೇ ಹಾಕಿ ಕೇಳಿಸಿಕೊಂಡರು.